ಮೊದಲು ಬ್ರೇಕ್ ಅಧ್ಯಾಯ ತೆರೆಯಿರಿ: ಮನೆಯಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವವರಿಗೆ ಪುಸ್ತಕದ ಆಯ್ಕೆ

ಕಾರು ಕಟ್ಟುವ ಆಸಕ್ತರ ಮುಂದೆ ನಾನು ಆಡಿದ ಮಾತುಗಳಿವು. ಮನೆಯ ಶೆಡ್ಡಿನಲ್ಲಿ ಕಾರು ಕಟ್ಟಲು ಹೊರಟವರು ಮೊದಲು ಕೇಳುವುದು "ಯಾವ ಪುಸ್ತಕ ತಗೊಳ್ಳಲಿ?" ಅಂತ. ಅದಕ್ಕೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಊರಲ್ಲಿ ಯಾವ ಹಳೇ ಕಾರು ಸಿಗುತ್ತದೆ? ಕಟ್ಟಿದ ಮೇಲೆ ಅದನ್ನು ಎಲ್ಲಿ ಓಡಿಸುತ್ತೀರಿ? ಇವೆರಡಕ್ಕೆ ಉತ್ತರ ಗೊತ್ತಿಲ್ಲದೆ ಕೊಂಡ ಪುಸ್ತಕ ಓದಲು ಸೊಗಸಾಗಿರುತ್ತದೆ, ಕಟ್ಟಲು ಒದಗುವುದಿಲ್ಲ. ಏಕೆಂದರೆ ಈ ಜಾತಿಯ ಪ್ರತಿ ಕೈಪಿಡಿಯೂ ಒಂದು ಡೋನರ್ ಕಾರಿಗೆ, ಒಂದು ದೇಶದ ಕಾನೂನಿಗೆ, ಒಂದು ಇಸವಿಗೆ ಗಂಟುಬಿದ್ದಿರುತ್ತದೆ. ಡೋನರ್ ಅಂದರೆ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸ್ಟೀರಿಂಗ್, ಬ್ರೇಕ್, ವೈರಿಂಗ್ ಎಲ್ಲವನ್ನೂ ಬಿಚ್ಚಿಕೊಳ್ಳಲೆಂದು ಇಡಿಯಾಗಿ ಕೊಳ್ಳುವ ಹಳೆಯ ಗಾಡಿ.

ಇಲ್ಲಿ ಸ್ಪೋರ್ಟ್ಸ್ ಕಾರು ಅಂದಾಗ ನನ್ನ ತಲೆಯಲ್ಲಿರುವುದು ಲೋಟಸ್ ಸೆವೆನ್ ಬಗೆಯ ಗಾಡಿ. ಎರಡು ಸೀಟು, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಓಟ, ಚೌಕ ಪೈಪಿನ ಚಾಸಿ ಅಂದರೆ ಕಾರಿನ ಅಸ್ಥಿಪಂಜರ, ಅದರ ಮೇಲೆ ಅಲ್ಯೂಮಿನಿಯಂ ತಗಡು. ಮನೆಯಲ್ಲಿ ಕಟ್ಟುವ ಪುಸ್ತಕಗಳಲ್ಲಿ ಬಹುಪಾಲು ಇದರ ಸುತ್ತಲೇ ಸುತ್ತುವುದಕ್ಕೆ ಕಾರಣವಿದೆ. ಪಕ್ಕದ ತಗಡುಗಳು ಒಂದೇ ದಿಕ್ಕಿಗೆ ಬಾಗುತ್ತವೆ, ಅದನ್ನು ಮನೆಯಲ್ಲೇ ಮಾಡಬಹುದು. ಎರಡು ದಿಕ್ಕಿಗೆ ಬಾಗುವ ಮೂತಿ, ಮಡ್‌ಗಾರ್ಡ್‌ಗಳನ್ನು ಫೈಬರ್‌ನಲ್ಲಿ ಮಾಡಿಸಿಕೊಂಡರೆ ಆಯಿತು. ಬಾಗಿಲಿನ ಗಾಜು ಏರಿಸಿ ಇಳಿಸುವ ಯಂತ್ರವಾಗಲಿ, ಡಿಕ್ಕಿಯ ಬೀಗವಾಗಲಿ ಇಲ್ಲ. ಫೆರಾರಿ ತರಹದ ಮೈಕಟ್ಟು ಬೇಕು ಅನ್ನುವವರು ಈ ಪುಸ್ತಕಗಳನ್ನು ಕೊಳ್ಳಬೇಡಿ. ನಿಮಗೆ ಬೇಕಾದದ್ದು ಫೈಬರ್ ಅಚ್ಚು ತೆಗೆಯುವ ಪುಸ್ತಕ.

ಒಂದು ಸಣ್ಣ ಸುತ್ತು ಹೊಡೆದು ಬರೋಣ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1948ರಲ್ಲಿ ಕಟ್ಟಿದ ಮೊದಲ ಗಾಡಿಯೇ ಹಳೆಯ ಆಸ್ಟಿನ್ ಸೆವೆನ್ ಮೇಲೆ ನಿಂತದ್ದು. 1957ರಲ್ಲಿ ಬಂದ ಲೋಟಸ್ ಸೆವೆನ್ ಬಿಡಿಭಾಗಗಳ ಕಿಟ್ ಆಗಿಯೂ ಮಾರಾಟವಾಯಿತು, ಯಾಕೆಂದರೆ ಬ್ರಿಟನ್ನಿನಲ್ಲಿ ಆಗ ಪೂರ್ತಿ ಕಾರಿನ ಮೇಲಿದ್ದ ಖರೀದಿ ತೆರಿಗೆ ಕಿಟ್ ಮೇಲೆ ಬೀಳುತ್ತಿರಲಿಲ್ಲ. ಆ ರಿಯಾಯಿತಿ ಬೇಕಾದರೆ ಜೋಡಿಸುವ ಸೂಚನೆ ಕೊಡಬಾರದು ಎಂಬ ಷರತ್ತಿತ್ತಂತೆ. ಅದಕ್ಕೆ ಬಿಚ್ಚುವ ಸೂಚನೆ ಕೊಟ್ಟು, "ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಿ" ಎಂದರು ಅನ್ನುವ ಕಥೆ ಈ ವಲಯದಲ್ಲಿ ಇವತ್ತಿಗೂ ಓಡಾಡುತ್ತದೆ. 1973ರಲ್ಲಿ ವ್ಯಾಟ್ ಬಂದು ತೆರಿಗೆಯ ಲಾಭ ಹೋಯಿತು; ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಇನ್ನು ನಾವೆಲ್ಲ ನೋಡಿರುವ ಹೇನ್ಸ್ ವರ್ಕ್‌ಶಾಪ್ ಮ್ಯಾನ್ಯುಯಲ್‌ಗಳ ಜಾನ್ ಹೇನ್ಸ್, ಸಿಲೋನಿನಲ್ಲಿ ಹುಟ್ಟಿದವರು, 1956ರಲ್ಲಿ ಇನ್ನೂ ಹುಡುಗನಾಗಿದ್ದಾಗ ಪ್ರಕಟಿಸಿದ ಮೊದಲ ಕಿರುಹೊತ್ತಗೆಯೂ ಆಸ್ಟಿನ್ ಸೆವೆನ್‌ನಿಂದ 'ಸ್ಪೆಷಲ್', ಅಂದರೆ ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರು, ಮಾಡುವುದು ಹೇಗೆ ಎಂಬುದೇ. ರಿಪೇರಿ ಪುಸ್ತಕಗಳ ಆ ದೊಡ್ಡ ಕಾರ್ಖಾನೆ ಶುರುವಾದದ್ದೇ ಇವತ್ತಿನ ನಮ್ಮ ವಿಷಯದಿಂದ.

ಈಗ ಪುಸ್ತಕಗಳಿಗೆ ಬರೋಣ. ಮೂರನ್ನು ಹೆಸರಿಸುತ್ತೇನೆ, ಏಕೆಂದರೆ ಮೂರೂ ಒಂದೇ ಆಕಾರದ ಕಾರನ್ನು ಮೂರು ಬೇರೆ ಡೋನರ್‌ಗಳಿಂದ ಕಟ್ಟಿಸುತ್ತವೆ. ಮೊದಲನೆಯದು ರಾನ್ ಚಾಂಪಿಯನ್ ಬರೆದು 1996ರಲ್ಲಿ ಹೇನ್ಸ್ ಪ್ರಕಟಿಸಿದ್ದು. 250 ಪೌಂಡಿಗೇ ಕಾರು ಎಂದು ಶೀರ್ಷಿಕೆಯಲ್ಲೇ ಬರೆದುಕೊಂಡ ಪುಸ್ತಕ. ಅಗ್ಗದಲ್ಲಿ ಕಟ್ಟಿದ ಸೆವೆನ್ ಬಗೆಯ ಕಾರಿಗೆ 'ಲೋಕಾಸ್ಟ್' ಅನ್ನುವ ಹೆಸರು ಪ್ರಪಂಚಕ್ಕೆಲ್ಲ ಹಬ್ಬಿದ್ದು ಇದರಿಂದ. ಇದರ ಡೋನರ್ ಫೋರ್ಡ್ ಎಸ್ಕಾರ್ಟ್‌ನ ಮೊದಲ ಎರಡು ಮಾಡೆಲ್‌ಗಳು, ಅಂದರೆ 1980ಕ್ಕೆ ನಿಂತುಹೋದ ಗಾಡಿ. ಎರಡನೆಯದು ಕ್ರಿಸ್ ಗಿಬ್ಸ್ 2007ರಲ್ಲಿ ಬರೆದದ್ದು, ಅದೂ ಹೇನ್ಸ್‌ನದೇ. ಡೋನರ್ ಫೋರ್ಡ್ ಸಿಯೆರಾ, ಹಿಂದೆ ಲೈವ್ ಆಕ್ಸಲ್ (ಎರಡು ಚಕ್ರವನ್ನೂ ಒಂದೇ ಗಟ್ಟಿ ತೊಲೆ ಹಿಡಿದಿರುವುದು) ಬದಲು ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರವೂ ಪ್ರತ್ಯೇಕವಾಗಿ ಏರಿಳಿಯುವುದು). ಮೂರನೆಯದು ಅಮೆರಿಕದ ಓದುಗರಿಗಾಗಿ ಕೀತ್ ಟ್ಯಾನರ್ 2005ರಲ್ಲಿ ಬರೆದದ್ದು; ಡೋನರ್ ಮಾಜ್ದಾ ಮಿಯಾಟಾ.

ಮೊದಲನೆಯದರ ತೊಂದರೆ ನೋಡಿ. ಪುಸ್ತಕದ ಇಡೀ ಲೆಕ್ಕಾಚಾರ ನಿಂತಿರುವುದು ಎಸ್ಕಾರ್ಟ್ ಅಂದರೆ ಗುಜರಿ ಬೆಲೆಗೆ ಸಿಗುವ ಗಾಡಿ ಎಂಬುದರ ಮೇಲೆ. 1996ರಲ್ಲಿ ಅದು ನಿಜ. ಈಗ ಬ್ರಿಟನ್ನಿನಲ್ಲೇ ಆ ಎಸ್ಕಾರ್ಟ್ ಸಂಗ್ರಾಹಕರ ಕಾರು. ಒಳ್ಳೆಯ ಗಾಡಿಯನ್ನು ಕತ್ತರಿಸಿದರೆ ಬೈಗುಳ ಬೀಳುತ್ತದೆ, ತುಕ್ಕು ಹಿಡಿದದ್ದೂ ಅಗ್ಗವಿಲ್ಲ. ಅದರ ಹಿಂದಿನ ಆಕ್ಸಲ್ಲೊಂದೇ ಹುಡುಕಿ ಕೊಳ್ಳಬೇಕಾದ ವಸ್ತು. ಹಾಗಾದರೆ ಅದನ್ನು ಓದಬಾರದೇ? ಓದಬೇಕು. ಕೆಲಸದ ಕ್ರಮ, ಹಲಗೆಯ ಮೇಲೆ ಚಾಸಿ ಕೂರಿಸುವ ರೀತಿ, ಕಡಿಮೆ ಉಪಕರಣದಲ್ಲಿ ಕೆಲಸ ತೆಗೆಯುವ ಧೈರ್ಯ ಇವನ್ನು ಅದರಷ್ಟು ಚೆನ್ನಾಗಿ ಹೇಳಿಕೊಡುವ ಪುಸ್ತಕ ನನಗೆ ಕಂಡಿಲ್ಲ. ಆದರೆ ಅದರ ಚಾಸಿ ಚಿತ್ರಗಳಲ್ಲಿ ಅಳತೆಯ ತಪ್ಪುಗಳಿವೆ. ಕಟ್ಟಿದವರು ವರ್ಷಗಟ್ಟಲೆ ಕೂಡಿಸಿದ ತಿದ್ದುಪಡಿ ಪಟ್ಟಿಗಳಿವೆ. ಪಟ್ಟಿ ಕೈಯಲ್ಲಿಲ್ಲದೆ ಪೈಪು ಕತ್ತರಿಸಬೇಡಿ.

ಮಿಯಾಟಾ ಪುಸ್ತಕದ ಗುಣ ಬೇರೆ. ಆ ಕಾರಿನ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಮೇಲೊಂದು, ಕೆಳಗೊಂದು ತ್ರಿಕೋನದ ತೋಳು) ಇರುವುದರಿಂದ ಚಕ್ರ ಕೂರುವ ಹಬ್‌ಗಳನ್ನು ಹಾಗೇ ತೆಗೆದು ಬಳಸಬಹುದು. ಆದರೆ ಅದರ ಗೇರ್‌ಬಾಕ್ಸಿನ ಹಿಂತುದಿಗೆ ಚಾಸಿಗೆ ಕಟ್ಟುವ ಮೌಂಟೇ ಇಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಎರಡು ಚಕ್ರಗಳಿಗೆ ಓಟ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆಯ ಅಲ್ಯೂಮಿನಿಯಂ ತೊಲೆ ಎರಡನ್ನೂ ಹಿಡಿದಿರುತ್ತದೆ. ನಿಮ್ಮ ಕಾರಿನ ಚಕ್ರಾಂತರ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಮಿಯಾಟಾದಷ್ಟೇ ಇಲ್ಲದಿದ್ದರೆ ಆ ತೊಲೆ ಕೂರುವುದಿಲ್ಲ. ಆಗ ಗೇರ್‌ಬಾಕ್ಸ್ ಬಾಲಕ್ಕೂ ಡಿಫರೆನ್ಷಿಯಲ್ ಮೂತಿಗೂ ಪ್ರತ್ಯೇಕ ಮೌಂಟ್ ಮಾಡಬೇಕು, ಅವೆರಡರ ನಡುವೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಯಾವುದೇ ಮಿಯಾಟಾ ಆಧಾರಿತ ಕೈಪಿಡಿ ಹಿಡಿದರೂ ಈ ತೊಲೆಯ ಬಗ್ಗೆ ಎಷ್ಟು ಪುಟ ಬರೆದಿದ್ದಾರೆ ನೋಡಿ. ಒಂದು ಸಾಲಿನಲ್ಲಿ ಮುಗಿಸಿದ್ದರೆ ಆ ಪುಸ್ತಕ ಮುಂದೆಯೂ ಕೈಕೊಡುತ್ತದೆ.

ಇಸವಿಯ ಮಾತು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಎಸ್‌ವಿಎ ಎಂಬ ಒಂಟಿ ವಾಹನ ತಪಾಸಣೆ ಬಂದದ್ದು 1998ರಲ್ಲಿ. 2009ರಲ್ಲಿ ಅದರ ಜಾಗಕ್ಕೆ ಐವಿಎ ಬಂತು. ಹಾಗಾಗಿ 1996ರ ಮುದ್ರಣಕ್ಕೆ ತಪಾಸಣೆ ಅಂದರೇನೆಂದೇ ಗೊತ್ತಿಲ್ಲ. ಅದರ 2000ದ ಎರಡನೇ ಆವೃತ್ತಿಗೆ, 2007ರ ಪುಸ್ತಕಕ್ಕೆ ಎಸ್‌ವಿಎ ಮಾತ್ರ ಗೊತ್ತು. ಇದು ಕಾಗದಪತ್ರದ ವಿಚಾರ ಅಂದುಕೊಳ್ಳಬೇಡಿ, ಲೋಹದ ಆಕಾರವೇ ಬದಲಾಗುತ್ತದೆ. ಹೊರಮೈಯಲ್ಲಿ 100 ಮಿಲಿಮೀಟರ್ ವ್ಯಾಸದ ಪರೀಕ್ಷಾ ಚೆಂಡು ತಗಲುವ ಜಾಗದಲ್ಲಿರುವ ಅಂಚುಗಳಿಗೆ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದ ದುಂಡು ಇರಬೇಕು. ಮುಂದಿನ ಸಸ್ಪೆನ್ಷನ್ನಿನ ಬೋಲ್ಟುಗಳು ಬಯಲಿಗೆ ಕಾಣುವ ಇಂಥ ಕಾರಿನಲ್ಲಿ ಅದರ ಅರ್ಥ ಪ್ರತಿ ನಟ್ಟಿಗೂ ಟೋಪಿ. ಸ್ಟೀರಿಂಗ್ ಕಾಲಂ ಡಿಕ್ಕಿಯಾದಾಗ ಕುಸಿಯುವಂಥದ್ದಾಗಿರಬೇಕು. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಕ್ಕಿಂತ ಮೊದಲು ಮುಂದಿನದು ಲಾಕ್ ಆಗಬೇಕು. ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಇದ್ದು ಕಟ್ಟಲು ಯೋಚಿಸುತ್ತಿರುವ ನಮ್ಮವರಿಗೆ ನನ್ನ ಸಲಹೆ ಇಷ್ಟು: ಐವಿಎ ತಪಾಸಣಾ ಕೈಪಿಡಿಯನ್ನು ಸರ್ಕಾರ ಪುಕ್ಕಟೆಯಾಗಿ ಕೊಡುತ್ತದೆ. ಮೊದಲು ಅದನ್ನು ಓದಿ, ಆಮೇಲೆ ದುಡ್ಡು ಕೊಟ್ಟು ಪುಸ್ತಕ ತನ್ನಿ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಮೊದಲ 500 ಸ್ವಯಂನಿರ್ಮಿತ ವಾಹನಗಳಿಗೆ ಹೊಗೆ ನಿಯಮದಲ್ಲಿ ವಿನಾಯಿತಿ ಇದೆ. ಪಕ್ಕದ ರಾಜ್ಯದವರು ಬರೆದ ಪುಸ್ತಕ ಇದನ್ನು ಹೇಳಲಿಕ್ಕಿಲ್ಲ.

ನಮ್ಮ ದೇಶದ ಪರಿಸ್ಥಿತಿ ನೇರವಾಗಿ ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಹೊಸ ವಾಹನದ ಮಾದರಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಅದು ಸಾವಿರಾರು ಗಾಡಿ ಮಾರುವ ತಯಾರಕರಿಗಾಗಿ ಮಾಡಿದ ದಾರಿ. ಒಂದೇ ಕಾರು ಕಟ್ಟುವವರ ಕೈಗೆಟುಕುವುದಿಲ್ಲ. "ಹಳೇ ಜಿಪ್ಸಿಯ ಆರ್‌ಸಿ ಇಟ್ಟುಕೊಂಡು ಮೇಲೆ ಬೇರೆ ಬಾಡಿ ಕೂರಿಸಿದರೆ?" ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೇ ಇರುವುದು. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ಇಲ್ಲಿ ಕಟ್ಟುವುದಾದರೆ ಸ್ವಂತ ಜಮೀನು ಅಥವಾ ಚೆನ್ನೈ, ಕೊಯಮತ್ತೂರಿನಂಥ ಟ್ರ್ಯಾಕ್‌ಗೆ ಎಂದು ಮೊದಲೇ ನಿರ್ಧರಿಸಿ. ಈ ನಿರ್ಧಾರದಿಂದ ಪುಸ್ತಕದ ಆಯ್ಕೆಯೂ ಬದಲಾಗುತ್ತದೆ. ಟ್ರ್ಯಾಕ್ ಗಾಡಿಗೆ ವೈಪರ್, ಹೀಟರ್, ಹಾರನ್ ಅಧ್ಯಾಯಗಳು ಬೇಡ. ರೋಲ್ ಕೇಜ್ (ಗಾಡಿ ಮಗುಚಿದಾಗ ಕಾಯುವ ಪೈಪಿನ ಪಂಜರ), ಬೆಂಕಿ ನಂದಿಸುವ ವ್ಯವಸ್ಥೆ, ಹೊರಗಿನಿಂದಲೇ ಬ್ಯಾಟರಿ ಕಡಿಯುವ ಸ್ವಿಚ್ ಬೇಕು. ರೋಲ್ ಕೇಜ್ ಅಳತೆಯನ್ನು ಮಾತ್ರ ಯಾವ ಕೈಪಿಡಿಯಿಂದಲೂ ತೆಗೆದುಕೊಳ್ಳಬೇಡಿ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿ ನೋಡಿ. ಮುಖ್ಯ ಕಮಾನಿಗೆ ಸೀಮ್ ಇಲ್ಲದ ಕೋಲ್ಡ್ ಡ್ರಾನ್ ಪೈಪ್, 45 ಮಿಲಿಮೀಟರ್ ವ್ಯಾಸಕ್ಕೆ 2.5 ದಪ್ಪ, ಇಲ್ಲವೇ 50ಕ್ಕೆ 2. ಗೇಟು, ಗ್ರಿಲ್ ಮಾಡುವ ಪೈಪಿನಲ್ಲಿ ಕಮಾನು ಬಗ್ಗಿಸಿ ಬಣ್ಣ ಹೊಡೆದರೆ ನೋಡಲು ಒಂದೇ ತರಹ ಕಾಣುತ್ತದೆ, ಗಾಡಿ ಮಗುಚಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಸರಿ, ಡೋನರ್ ಗೊತ್ತಾಯಿತು, ಜಾಗ ಗೊತ್ತಾಯಿತು, ಕೈಯಲ್ಲಿ ಒಂದು ಪುಸ್ತಕ ಇದೆ. ಕೊಳ್ಳಬೇಕೋ ಬೇಡವೋ ಎಂದು ಹತ್ತು ನಿಮಿಷದಲ್ಲಿ ತೀರ್ಮಾನಿಸುವುದು ಹೇಗೆ? ಬಣ್ಣದ ಫೋಟೋ ಬಿಡಿ, ಎಂಜಿನ್ ಅಧ್ಯಾಯವನ್ನೂ ಬಿಡಿ. ಎಂಜಿನ್ ಬಗ್ಗೆ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ನೇರ ಬ್ರೇಕ್ ಅಧ್ಯಾಯ ತೆರೆಯಿರಿ.

ಅಲ್ಲಿ ಹುಡುಕಬೇಕಾದದ್ದು ಮೂರು ವಿಷಯ. ಒಂದು, ಬ್ರೇಕ್ ಪೈಪಿನ ತುದಿ. 4.76 ಮಿಲಿಮೀಟರ್, ಅಂದರೆ ಮೂರು ಹದಿನಾರಂಶ ಇಂಚಿನ ಪೈಪಿಗೆ ಎರಡು ಬಗೆಯ ತುದಿ ಇದೆ. ಉಬ್ಬಿದ ಗುಳ್ಳೆಯಂಥ ಡಿಐಎನ್ ಫ್ಲೇರ್, ಒಳಕ್ಕೆ ಮಡಚಿದ ಎಸ್‌ಎಇ ಡಬಲ್ ಫ್ಲೇರ್. ಒಂದರ ಗೂಡಿನಲ್ಲಿ ಇನ್ನೊಂದನ್ನು ಬಿಗಿದರೆ ಶೆಡ್ಡಿನಲ್ಲಿ ಸೋರುವುದಿಲ್ಲ, ಜೋರಾಗಿ ಪೆಡಲ್ ಒತ್ತಿದಾಗ ಸೋರುತ್ತದೆ. ಎರಡು, ಥ್ರೆಡ್. ಹಳೆಯ ಬ್ರಿಟಿಷ್ ಸಿಲಿಂಡರುಗಳಲ್ಲಿ ಮೂರು ಎಂಟಂಶ ಇಂಚಿನ ಯುಎನ್‌ಎಫ್ ಎಂಬ ಇಂಚು ಥ್ರೆಡ್, ಹೊಸವುಗಳಲ್ಲಿ ಮೆಟ್ರಿಕ್ ಎಂ10, ಪಿಚ್ (ಥ್ರೆಡ್‌ಗಳ ನಡುವಿನ ದೂರ) 1. ಮೊದಲನೆಯದರ ವ್ಯಾಸ 9.5 ಮಿಲಿಮೀಟರ್, ಎರಡನೆಯದರದು 10, ಪಿಚ್ 1.06 ಮತ್ತು 1. ಯುಎನ್‌ಎಫ್ ನಟ್ಟು ಎಂ10 ತೂತಿನೊಳಗೆ ಸಡಿಲವಾಗಿ ಹೋಗಿ, ಕೊನೆಗೆ ಬಿಗಿಯಾದಂತೆ ನಟಿಸಿ, ಥ್ರೆಡ್ ಕಿತ್ತುಕೊಂಡು ಬರುತ್ತದೆ. ಬೆರಕೆ ಡೋನರ್ ಭಾಗ ಬಳಸುವ ಪ್ರತಿಯೊಬ್ಬರಿಗೂ ಇದು ಎದುರಾಗುತ್ತದೆ, ಆದ್ದರಿಂದ ನಿಜವಾಗಿ ಕಟ್ಟಿದವರು ಬರೆದ ಪುಸ್ತಕದಲ್ಲಿ ಇದು ಇದ್ದೇ ಇರುತ್ತದೆ.

ಮೂರನೆಯದು ಸರ್ವೋ, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಡಬ್ಬಿ. ಡೋನರ್ ಕಾರು ಸಾವಿರ ಕೆಜಿ ತೂಗುತ್ತಿತ್ತು, ನಿಮ್ಮದು ಆರುನೂರರ ಆಸುಪಾಸು. ಪೆಡಲ್ ಬುಡದಲ್ಲಿ ಬ್ರೇಕ್ ಸರ್ವೋ ಕೂರಿಸಲು ಜಾಗವೂ ಇಲ್ಲ. ಸರ್ವೋ ತೆಗೆದು ಡೋನರ್‌ನ 22 ಮಿಲಿಮೀಟರ್ ಮಾಸ್ಟರ್ ಸಿಲಿಂಡರನ್ನು (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ದೂಡುವುದು) ಹಾಗೇ ಇಟ್ಟರೆ ಪೆಡಲ್ ಕಲ್ಲಾಗುತ್ತದೆ. 19 ಮಿಲಿಮೀಟರಿನದು ಹಾಕಿದರೆ ಅದೇ ಕಾಲಿನ ಒತ್ತಡಕ್ಕೆ ಶೇ 34ರಷ್ಟು ಹೆಚ್ಚು ಪ್ರೆಷರ್ ಸಿಗುತ್ತದೆ, ಏಕೆಂದರೆ ಲೆಕ್ಕ ನಡೆಯುವುದು ವ್ಯಾಸದ ವರ್ಗದಲ್ಲಿ. ಆದರೆ ಪೆಡಲ್ ಓಟವೂ ಅಷ್ಟೇ ಹೆಚ್ಚಾಗುತ್ತದೆ. ಪೆಡಲ್ಲಿನ ಸನ್ನೆ ಅನುಪಾತ ಐದಕ್ಕೊಂದು, ಆರಕ್ಕೊಂದರ ಸುತ್ತ ಬರಬೇಕು. ಈ ಮೂರು ವಿಷಯ ಹೇಳಿ, ಪೆಡಲ್ ಬಾಕ್ಸಿನ ಅಳತೆಸಹಿತ ಚಿತ್ರ ಕೊಟ್ಟಿದ್ದರೆ ಪುಸ್ತಕ ಕೊಳ್ಳಿ. "ನಿಮ್ಮ ಬ್ರೇಕ್ ಕೆಲಸವನ್ನು ಅನುಭವಿ ಮೆಕ್ಯಾನಿಕ್ ಹತ್ತಿರ ಮಾಡಿಸಿ" ಎಂದು ಎರಡು ಪ್ಯಾರಾದಲ್ಲಿ ಮುಗಿಸಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎರಡನೇ ಪರೀಕ್ಷೆ ಚಾಸಿ ಚಿತ್ರದ್ದು. ಪುಸ್ತಕ ಕೊಡುವ ಒಂದು ಆಯತ ಹಿಡಿದು ಕರ್ಣ ಲೆಕ್ಕ ಹಾಕಿ. 1000ಕ್ಕೆ 600 ಇದ್ದರೆ 1166 ಬರಬೇಕು. ಚಿತ್ರದಲ್ಲಿ 1180 ಅಂತಿದ್ದರೆ ಒಂದೋ ಮುದ್ರಣದ ತಪ್ಪು, ಇಲ್ಲವೇ ಅಳತೆ ಪೈಪಿನ ಹೊರ ಅಂಚಿನದೋ ಮಧ್ಯರೇಖೆಯದೋ ಎಂದು ಲೇಖಕರು ಹೇಳಿಲ್ಲ. ಎರಡೂ ಅಪಾಯವೇ. ಪೈಪಿನ ಕಟಿಂಗ್ ಪಟ್ಟಿ ಇನ್ನೊಂದು ಜಾಗ. 25 ಮಿಲಿಮೀಟರ್ ಚೌಕ ಪೈಪನ್ನು ಎರಡೂ ತುದಿಗೆ ಎದುರುಬದುರಾಗಿ 45 ಡಿಗ್ರಿ ಕತ್ತರಿಸಿದರೆ ಉದ್ದದ ಬದಿಗೂ ಗಿಡ್ಡ ಬದಿಗೂ 50 ಮಿಲಿಮೀಟರ್ ವ್ಯತ್ಯಾಸ. ಪಟ್ಟಿಯಲ್ಲಿರುವುದು ಯಾವ ಬದಿಯ ಉದ್ದ? ಒಳ್ಳೆಯ ಪುಸ್ತಕ ಪ್ರತಿ ತುಂಡಿಗೂ ಚಿತ್ರ ಬರೆದು ಕೋನ ನಮೂದಿಸುತ್ತದೆ. ಕಟಿಂಗ್ ಡಿಸ್ಕ್ ಪ್ರತಿ ಸಲವೂ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಆರು ಮೀಟರ್ ಪೈಪಿನಿಂದ ಹತ್ತು ತುಂಡು ಹೊರಡಿಸುವಾಗ 30 ಮಿಲಿಮೀಟರ್ ಪುಡಿಯಾಗಿರುತ್ತದೆ. ಕೊನೆಯ ತುಂಡು ಗಿಡ್ಡವಾದಾಗ ಪುಸ್ತಕವನ್ನು ಬೈದು ಪ್ರಯೋಜನವಿಲ್ಲ.

ದುಡ್ಡು ಖರ್ಚಿಲ್ಲದೆ ಇಡೀ ಚಿತ್ರವನ್ನು ಪರೀಕ್ಷಿಸುವ ದಾರಿಯೊಂದಿದೆ. ಐದನೇ ಒಂದು ಅಳತೆಯಲ್ಲಿ ಮಾದರಿ ಕಟ್ಟಿ. 25 ಮಿಲಿಮೀಟರ್ ಪೈಪಿಗೆ 5 ಮಿಲಿಮೀಟರಿನ ಚೌಕ ಮರದ ಕಡ್ಡಿ, ಜೊತೆಗೆ ಅಂಟು. ಒಂದು ಭಾನುವಾರದ ಕೆಲಸ. ಎಲ್ಲಿ ಕಡ್ಡಿ ಕೂರುವುದಿಲ್ಲವೋ ಅಲ್ಲಿ ಪುಸ್ತಕದ ತಪ್ಪಿದೆ, ಅಥವಾ ನಿಮಗೆ ಚಿತ್ರ ಅರ್ಥವಾಗಿಲ್ಲ. ಮಾದರಿಯನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಕಾಕ್‌ಪಿಟ್ ಮತ್ತು ಎಂಜಿನ್ ಜಾಗ, ಮೇಲೆ ತೆರೆದಿರುವ ಈ ಎರಡು ಕಡೆ, ಎಷ್ಟು ಸುಲಭವಾಗಿ ತಿರುಚಿಕೊಳ್ಳುತ್ತದೆ ಗೊತ್ತಾಗುತ್ತದೆ. ಆಸ್ಟ್ರೇಲಿಯಾದಲ್ಲಿ ನಾಲ್ಕು ಸಿಲಿಂಡರಿನ ಸ್ವಯಂನಿರ್ಮಿತ ಕಾರಿನ ಚಾಸಿ ಒಂದು ಡಿಗ್ರಿ ತಿರುಚಲು ಕನಿಷ್ಠ 4000 ನ್ಯೂಟನ್ ಮೀಟರ್ ಬೇಕಾಗುವಷ್ಟು ಗಟ್ಟಿಯಿರಬೇಕು ಎಂಬ ನಿಯಮವಿದೆ. ಅಲ್ಲಿನವರು ಲೋಕಾಸ್ಟ್ ಚಾಸಿಗೆ ಹೆಚ್ಚುವರಿ ಅಡ್ಡಪೈಪುಗಳನ್ನು ಸೇರಿಸಿದ್ದು ಅದಕ್ಕೇ. ಆ ಬದಲಾವಣೆಗಳನ್ನು ಎಲ್ಲಿದ್ದರೂ ಎತ್ತಿಕೊಳ್ಳಬಹುದು. ಸೇರುವ ತೂಕ ಅಲ್ಪ. 25 ಮಿಲಿಮೀಟರ್, 1.6 ದಪ್ಪದ ಪೈಪು ಮೀಟರಿಗೆ ಒಂದೂಕಾಲು ಕೆಜಿಯೂ ಇಲ್ಲ.

ಗೇಜ್, ಅಂದರೆ ಪೈಪು, ತಗಡಿನ ದಪ್ಪ ಹೇಳುವ ಸಂಖ್ಯೆಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ, ಸ್ವಲ್ಪ ನಿಲ್ಲೋಣ. ಬ್ರಿಟಿಷ್ ಪುಸ್ತಕದಲ್ಲಿ 16 ಗೇಜ್ ಅಂದರೆ 1.63 ಮಿಲಿಮೀಟರ್. ಅಮೆರಿಕದ ಪುಸ್ತಕದಲ್ಲಿ ಪೈಪಿನ 16 ಗೇಜ್ 1.65, ಆದರೆ ಅದೇ ಪುಸ್ತಕದಲ್ಲಿ ಸ್ಟೀಲ್ ತಗಡಿನ 16 ಗೇಜ್ 1.52. ಅಲ್ಯೂಮಿನಿಯಂಗೆ ಬಂದರೆ ಇನ್ನೂ ದೂರ: ಬ್ರಿಟಿಷರ 18 ಗೇಜ್ 1.22, ಅಮೆರಿಕದವರದು 1.02. ಪುಸ್ತಕದಲ್ಲಿದ್ದ ಗೇಜ್ ಸಂಖ್ಯೆಯನ್ನು ಅಂಗಡಿಯಲ್ಲಿ ಹೇಳಿದರೆ ಅವರು ತಮಗೆ ಗೊತ್ತಿರುವ ಗೇಜಿನದು ಕೊಡುತ್ತಾರೆ. ಮಿಲಿಮೀಟರಿನಲ್ಲಿ ಕೇಳಿ, ವರ್ನಿಯರ್ ಹಿಡಿದು ಅಳೆದು ತನ್ನಿ. ಇಂಚಿನದೂ ಹಾಗೇ. ಹಳೆಯ ಪುಸ್ತಕದ ಚಿತ್ರಗಳು ಒಂದು ಇಂಚಿನ ಪೈಪಿಗೆ, ಅಂದರೆ 25.4, ನಮ್ಮಲ್ಲಿ ಸಿಗುವುದು 25. ಒಂದು ಪೈಪಿಗೆ ಅರ್ಧ ಮಿಲಿಮೀಟರೂ ಇಲ್ಲ ಅನ್ನಿಸುತ್ತದೆ. ಆದರೆ ಮೇಲಿನ ಪೈಪು, ಕೆಳಗಿನ ಪೈಪು, ನಡುವಿನ ಕಂಬ ಎಂದು ಕೂಡಿಸುತ್ತಾ ಹೋದಾಗ ವಿಶ್‌ಬೋನ್ ಬ್ರಾಕೆಟ್ ಕೂರುವ ಜಾಗ ಒಂದು ಮಿಲಿಮೀಟರ್ ಸರಿಯುತ್ತದೆ. ಪೈಪುಗಳ ಉದ್ದ ಬದಲಿಸಿ ಹೊರ ಅಳತೆ ಕಾಪಾಡಿಕೊಳ್ಳಬೇಕು. 2007ರ ಪುಸ್ತಕ ಮೆಟ್ರಿಕ್‌ನಲ್ಲೇ ಇರುವುದು ನಮಗೆ ದೊಡ್ಡ ಅನುಕೂಲ.

ವೆಲ್ಡಿಂಗ್ ಅಧ್ಯಾಯವನ್ನು ಓದುವಾಗ ಒಂದೇ ವಾಕ್ಯ ಹುಡುಕಿ: ಇಡೀ ಚಾಸಿಯನ್ನು ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆಯಷ್ಟೇ ವೆಲ್ಡ್ ಹಾಕಿ), ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೂರಿಸಿ ನೋಡಿ, ಆಮೇಲೆ ಪೂರ್ತಿ ವೆಲ್ಡ್ ಮಾಡಿ ಅಂತ ಇದೆಯೇ? ಕೆಳಗಿನ ಚೌಕಟ್ಟನ್ನು ಮೊದಲೇ ಪೂರ್ತಿ ವೆಲ್ಡ್ ಮಾಡಿದರೆ ಬಿಸಿ ಆರುವಾಗ ಮೇಲ್ಬದಿ ಎಳೆದುಕೊಂಡು ಉದ್ದದ ಪೈಪು ಹಪ್ಪಳದಂತೆ ಮುರುಟುತ್ತದೆ. ಟ್ಯಾಕ್ ಆದಮೇಲೆ ಒಂದು ಮೂಲೆ, ಆಮೇಲೆ ಎದುರಿನ ಮೂಲೆ, ನಡುನಡುವೆ ಕರ್ಣ ಅಳೆಯುವುದು. ಎರಡು ಕರ್ಣಗಳ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ನಿಲ್ಲಿಸಬೇಕು. 1.6 ಮಿಲಿಮೀಟರ್ ಗೋಡೆಗೆ 0.8 ತಂತಿಯ ಮಿಗ್ (ತಂತಿ ತಾನಾಗೇ ಬರುವ ವೆಲ್ಡಿಂಗ್), ಆರ್ಗನ್ ಬೆರೆಸಿದ ಗ್ಯಾಸ್ ಸರಿ. ನಮ್ಮ ಗೇಟು ಕೆಲಸದವರ ಆರ್ಕ್ ವೆಲ್ಡಿಂಗಿನಲ್ಲಿ ಇಷ್ಟು ತೆಳು ಪೈಪು ತೂತು ಬೀಳುತ್ತದೆ, ತೂತು ತುಂಬಲು ಮತ್ತೆ ಹೊಡೆದಾಗ ಪಕ್ಕದ ಲೋಹ ಗಡಸಾಗುತ್ತದೆ. ವೆಲ್ಡಿಂಗ್ ಕಲಿಸುತ್ತೇನೆ ಎಂದು ನಲವತ್ತು ಪುಟ ಬರೆದಿರುವ ಕಾರು ಪುಸ್ತಕಕ್ಕೆ ಮರುಳಾಗಬೇಡಿ. ಅದನ್ನು ಐಟಿಐ ಕಲಿತವರ ಪಕ್ಕದಲ್ಲಿ ನಿಂತು ಕಲಿಯಬೇಕು.

ಎಂಜಿನ್ ಕೂರಿಸಿ ನೋಡುವುದು ಯಾಕೆ ಅಂದರೆ ಸಂಪ್, ಎಂಜಿನ್ ಅಡಿಯ ಆಯಿಲ್ ತೊಟ್ಟಿ. ಡೋನರ್ ಕಾರಿನ ಸಂಪ್ ಆಳವಾಗಿದ್ದು ಈ ಗಾಡಿಯಲ್ಲಿ ಚಾಸಿಗಿಂತ ಕೆಳಗೆ ಜೋತುಬೀಳುತ್ತದೆ. ಇಂಥ ಕಾರಿನ ನೆಲದಂತರ ನೂರು ಮಿಲಿಮೀಟರ್ ಚಿಲ್ಲರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ರೋಡ್ ಹಂಪ್ ಎತ್ತರವೇ 100. ನಮ್ಮ ಬಡಾವಣೆಯವರು ರಾತ್ರೋರಾತ್ರಿ ಹಾಕುವುದರ ಎತ್ತರಕ್ಕೆ ಲೆಕ್ಕವಿಲ್ಲ. ಸಂಪ್ ಕತ್ತರಿಸಿ ಗಿಡ್ಡ ಮಾಡಿದಾಗ ಆಯಿಲ್ ಪಿಕಪ್ ಪೈಪನ್ನೂ ಅಷ್ಟೇ ಗಿಡ್ಡ ಮಾಡಬೇಕು. ಗಿಡ್ಡವಾದ್ದರಿಂದ ಹೋದ ಆಯಿಲ್ ಪ್ರಮಾಣವನ್ನು ಪಕ್ಕಕ್ಕೆ ರೆಕ್ಕೆ ಸೇರಿಸಿ ತುಂಬಿಕೊಳ್ಳಬೇಕು, ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಓಡದಂತೆ ಒಳಗೆ ತಡೆ ಬೇಕು. ಇದನ್ನು ಹೇಳದ ಪುಸ್ತಕ ಓದಿ ಕಟ್ಟಿದ ಗಾಡಿಯ ಬೇರಿಂಗ್ ಮೊದಲ ಉದ್ದದ ತಿರುವಿನಲ್ಲೇ ಹೋಗುತ್ತದೆ.

ನಮ್ಮ ಊರಿನ ಡೋನರ್ ಯಾವುದು ಎಂಬುದು ನೀವೆಲ್ಲ ಕಾಯುತ್ತಿರುವ ಪ್ರಶ್ನೆ. ಫೋರ್ಡ್ ಸಿಯೆರಾ ಇಲ್ಲ, ಮಿಯಾಟಾ ಇಲ್ಲ. ಹಿಂದಿನ ಚಕ್ರದ ಓಟ, ಸಣ್ಣ ಹಗುರ ಎಂಜಿನ್ ಎಂದರೆ ಉಳಿಯುವುದು ಮಾರುತಿ ಈಕೋ, ಜಿಪ್ಸಿ. ಎರಡಕ್ಕೂ ಹಿಂದೆ ಲೈವ್ ಆಕ್ಸಲ್, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಸಿಗುತ್ತದೆ. ಜಿಪ್ಸಿಯ ಎಂಜಿನ್ ಒಳ್ಳೆಯದು, ಆದರೆ ನಾಲ್ಕೂ ಚಕ್ರಕ್ಕೆ ಓಟ ಹಂಚುವ ಟ್ರಾನ್ಸ್‌ಫರ್ ಕೇಸ್ ತೆಗೆದುಹಾಕಿದರೆ ಒಟ್ಟು ಗೇರಿಂಗ್ ಬದಲಾಗುತ್ತದೆ, ಏಕೆಂದರೆ ಅದರ ಹೈ ರೇಂಜ್ ಕೂಡ ಒಂದಕ್ಕೊಂದು ಅಲ್ಲ. ಈಕೋದ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಮೇಲಿನ ವಿಶ್‌ಬೋನಿನ ಬದಲು ಸ್ಪ್ರಿಂಗಿನ ಕಂಬವೇ ಹಬ್ ಹಿಡಿಯುತ್ತದೆ. ಅದರ ಹಬ್ಬನ್ನು ಡಬಲ್ ವಿಶ್‌ಬೋನಿಗೆ ಹೊಂದಿಸಲು ಸ್ಟ್ರಟ್ ಕೂರುತ್ತಿದ್ದ ಜಾಗಕ್ಕೆ ಮೇಲಿನ ಬಾಲ್ ಜಾಯಿಂಟ್ ಹಿಡಿಯುವ ಒಂದು ತುಂಡನ್ನು ಲೇತ್‌ನಲ್ಲಿ ಮಾಡಿಸಬೇಕು. ಸಿಯೆರಾ ಹಬ್ಬಿಗೂ ಇದೇ ಸಮಸ್ಯೆ, ಹಾಗಾಗಿ ಸಿಯೆರಾ ಆಧಾರದ ಪುಸ್ತಕದ ಆ ಪುಟಗಳು ಈಕೋ ಹಿಡಿದವರಿಗೆ ನೇರ ಉಪಯೋಗ. ಹಿಂಭಾಗಕ್ಕೆ ಮಾತ್ರ ಹಳೆಯ ಎಸ್ಕಾರ್ಟ್ ಪುಸ್ತಕ ನೋಡಬೇಕು. ಲೈವ್ ಆಕ್ಸಲ್ಲನ್ನು ನಾಲ್ಕು ಲಿಂಕು, ಅಡ್ಡಕ್ಕೆ ಸರಿಯದಂತೆ ತಡೆಯುವ ಒಂದು ಪ್ಯಾನ್‌ಹಾರ್ಡ್ ರಾಡಿನಲ್ಲಿ ಹಿಡಿಯುವುದು ಅಲ್ಲಿದೆ. ನೋಡಿ, ಇಲ್ಲಿ ಎರಡು ಪುಸ್ತಕ ಅರ್ಧರ್ಧ ಬೇಕಾಯಿತು. ಆದರೆ ಚಾಸಿ ಒಂದು ಪುಸ್ತಕದ್ದು, ಸಸ್ಪೆನ್ಷನ್ ಬ್ರಾಕೆಟ್ ಜಾಗ ಇನ್ನೊಂದರದು ಎಂದು ಬೆರೆಸುವಂತಿಲ್ಲ. ಕೆಳಗಿನ, ಮೇಲಿನ ವಿಶ್‌ಬೋನಿನ ಒಳಕೀಲುಗಳನ್ನು ಸೇರಿಸುವ ಗೆರೆಯ ಮೇಲೆ ಸ್ಟೀರಿಂಗ್ ರ‍್ಯಾಕಿನ ಒಳ ಬಾಲ್ ಜಾಯಿಂಟ್ ಬರಬೇಕು, ಟೈ ರಾಡ್ ಅವೆರಡರ ದಿಕ್ಕಿಗೆ ಹೊಂದಿರಬೇಕು. ತಪ್ಪಿದರೆ ಚಕ್ರ ಗುಂಡಿಗೆ ಇಳಿದಾಗಲೆಲ್ಲ ತಾನೇ ತಿರುಗುತ್ತದೆ. ಬಂಪ್ ಸ್ಟೀರ್ ಅನ್ನುವುದು ಇದನ್ನೇ. ಸ್ಪ್ರಿಂಗ್ ಬಿಚ್ಚಿ ಹಬ್ಬನ್ನು 50 ಮಿಲಿಮೀಟರ್ ಮೇಲೆ, 50 ಕೆಳಗೆ ಮಾಡಿ ಟೋ (ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದು) ಅಳೆಯುವ ವಿಧಾನ ಪುಸ್ತಕದಲ್ಲಿರಬೇಕು. ಅದನ್ನು ಚಾಸಿಗೆ ಬಣ್ಣ ಹೊಡೆಯುವ ಮೊದಲೇ ಮಾಡಿಸುವ ಪುಸ್ತಕವಾದರೆ ಇನ್ನೂ ಒಳ್ಳೆಯದು.

ಮುಖ್ಯ ಪುಸ್ತಕದ ಪಕ್ಕ ಇನ್ನೆರಡು ಇರಬೇಕು. ಡೋನರ್ ಕಾರಿನ ಸರ್ವಿಸ್ ಮ್ಯಾನ್ಯುಯಲ್, ಅದರಲ್ಲೂ ವೈರಿಂಗ್ ಚಿತ್ರ. ಕಾರು ಕಟ್ಟುವ ಪುಸ್ತಕಗಳೆಲ್ಲ ವೈರಿಂಗಿನಲ್ಲಿ ಸೋಲುತ್ತವೆ. ಡೋನರ್‌ನ ವೈರಿಂಗ್ ಹಾರ್ನೆಸ್ಸನ್ನು ಕತ್ತರಿಸದೆ, ಪ್ರತಿ ಕನೆಕ್ಟರಿಗೂ ಚೀಟಿ ಕಟ್ಟಿ ಇಡಿಯಾಗಿ ತೆಗೆಯಿರಿ. ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಎಂಜಿನ್ ನಿಯಂತ್ರಿಸುವ ಇಸಿಯು, ಇಮೊಬಿಲೈಸರ್ ಘಟಕ, ಕೀಲಿ ಮೂರೂ ಒಂದೇ ಗಾಡಿಯದಾಗಿರಬೇಕು. ಇನ್ನೊಂದು, ನಟ್ಟು ಬೋಲ್ಟಿನ ಪುಸ್ತಕ. ಕ್ಯಾರಲ್ ಸ್ಮಿತ್ 1970ರ ದಶಕದಿಂದ ರೇಸ್ ಕಾರುಗಳ ಬಗ್ಗೆ ಬರೆದ ಸರಣಿಯಲ್ಲಿ ಬೋಲ್ಟು, ಫಿಟಿಂಗ್, ಪೈಪುಗಳಿಗೇ ಮೀಸಲಾದ ಒಂದು ಸಂಪುಟವಿದೆ. ಸಸ್ಪೆನ್ಷನ್ ಬೋಲ್ಟು ಎರಡು ಕಿವಿಗಳ ನಡುವೆ ಯಾಕೆ ಇರಬೇಕು, ಒಂದೇ ಕಿವಿಯಲ್ಲಿ ಜೋತುಬಿದ್ದರೆ ಯಾಕೆ ಬಾಗಿ ಮುರಿಯುತ್ತದೆ, ಥ್ರೆಡ್ ಭಾಗದ ಮೇಲೆ ಭಾರ ಬೀಳಬಾರದು ಯಾಕೆ ಎಂಬುದನ್ನು ಅಲ್ಲಿ ಓದಿದವರು ಮುಂದೆ ಯಾವ ಪುಸ್ತಕದ ಚಿತ್ರ ನೋಡಿದರೂ ತಪ್ಪು ಕಂಡುಹಿಡಿಯುತ್ತಾರೆ. ಸೀಟ್ ಬೆಲ್ಟ್ ಬೋಲ್ಟ್ ಮಾತ್ರ ಏಳು ಹದಿನಾರಂಶ ಇಂಚಿನ ಯುಎನ್‌ಎಫ್, ಇಂಚಿಗೆ 20 ಥ್ರೆಡ್. ಡೋನರ್‌ನದನ್ನೇ ಉಳಿಸಿಕೊಳ್ಳಿ, ಹತ್ತಿರದ ಎಂ11, ಎಂ12 ಹುಡುಕಿ ತುರುಕಬೇಡಿ. ಬೆಂಗಳೂರಿನ ಕಾಲೇಜುಗಳಿಂದ ಫಾರ್ಮುಲಾ ಸ್ಟೂಡೆಂಟ್ ಎಂಬ ವಿದ್ಯಾರ್ಥಿ ಸ್ಪರ್ಧೆಗೆ ಗಾಡಿ ಕಟ್ಟುವ ಹುಡುಗರು, ಹುಡುಗಿಯರು ಇಲ್ಲಿದ್ದೀರಿ. ನಿಮಗೆ ಲೋಕಾಸ್ಟ್ ಪುಸ್ತಕಕ್ಕಿಂತ ಈ ಬೋಲ್ಟಿನ ಪುಸ್ತಕ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿಮ್ಮ ಮೈಯಳತೆ ಮರೆಯಬೇಡಿ. ಮೂಲ ಸೆವೆನ್ ಅಳತೆಯ ಕಾಕ್‌ಪಿಟ್ ಇಕ್ಕಟ್ಟು. ಆರಡಿ ಎತ್ತರದವರಿಗೆಂದು ನಾಲ್ಕು ಇಂಚು ಅಗಲ, ನಾಲ್ಕು ಇಂಚು ಉದ್ದ, ಎರಡು ಇಂಚು ಎತ್ತರ ಹೆಚ್ಚಿಸಿದ, 442 ಎಂದು ಕರೆಯುವ ಚಿತ್ರಗಳಿವೆ. ಪುಸ್ತಕ ಕೊಳ್ಳುವ ಮೊದಲು ಅದರ ಕಾಕ್‌ಪಿಟ್ ಅಳತೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಇಟ್ಟಿಗೆಯೋ ಪೆಟ್ಟಿಗೆಯೋ ಇಟ್ಟು, ಶೂ ಹಾಕಿಕೊಂಡು ಕುಳಿತು ನೋಡಿ. ಮೂರು ಪೆಡಲ್‌ಗಳಿಗೆ ನಿಮ್ಮ ಶೂ ಅಗಲ ಸಾಲುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಚಾಸಿ ಅಗಲ ಮಾಡಿದರೆ ವಿಶ್‌ಬೋನ್ ಉದ್ದ, ರ‍್ಯಾಕ್ ಉದ್ದ, ಮೂತಿಯ ಫೈಬರ್ ಎಲ್ಲವೂ ಹಿಂಬಾಲಿಸುತ್ತವೆ.

ಕಿಟ್ ಕೊಳ್ಳುವವರಿಗೆ ಹೆಚ್ಚು ಹೇಳುವುದಿಲ್ಲ. ಕಂಪನಿಯ ಜೋಡಣೆ ಕೈಪಿಡಿಯೇ ನಿಮ್ಮ ಪುಸ್ತಕ. ದುಡ್ಡು ಕಟ್ಟುವ ಮೊದಲೇ ಅದರ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಕಂಪನಿ ನೋಡಿ.

ಪ್ರಶ್ನೋತ್ತರದಲ್ಲಿ ಒಬ್ಬರು, ಪಿಡಿಎಫ್ ಇದ್ದರೆ ಸಾಲದೇ ಎಂದು ಕೇಳಿದರು. ಓದಲು ಸಾಕು. ಚಿತ್ರವನ್ನು ಮೂಲ ಅಳತೆಯಲ್ಲಿ ಮುದ್ರಿಸಿ ಬ್ರಾಕೆಟ್ಟಿನ ಟೆಂಪ್ಲೇಟ್ ಮಾಡುವುದಾದರೆ ಮಾತ್ರ ಎಚ್ಚರ. ಪ್ರಿಂಟರಿನಲ್ಲಿ ಪುಟಕ್ಕೆ ಹೊಂದಿಸು ಎಂಬ ಆಯ್ಕೆ ತಾನಾಗೇ ಇರುತ್ತದೆ, ಚಿತ್ರ ಶೇ 3–4ರಷ್ಟು ಕುಗ್ಗುತ್ತದೆ. 100 ಮಿಲಿಮೀಟರ್ ಬ್ರಾಕೆಟ್ 96 ಆಗುತ್ತದೆ, ಬೋಲ್ಟು ಕೂರುವವರೆಗೆ ಯಾರಿಗೂ ಕಾಣುವುದಿಲ್ಲ. ಚಿತ್ರದಲ್ಲಿ 100 ಮಿಲಿಮೀಟರಿನ ಗೆರೆ ಒಂದಿದ್ದರೆ ಮೊದಲು ಅದರ ಮೇಲೆ ಸ್ಕೇಲ್ ಇಡಿ. ಅಡ್ಡಕ್ಕೂ ಉದ್ದಕ್ಕೂ ಎರಡೂ ದಿಕ್ಕಿಗೆ ಅಳೆಯಿರಿ, ಸ್ಕ್ಯಾನ್ ಮಾಡಿದ ಪುಟಗಳು ಒಂದು ದಿಕ್ಕಿಗೆ ಮಾತ್ರ ಎಳೆದಿರುವುದೂ ಉಂಟು. ಅಚ್ಚಾದ ಪುಸ್ತಕವಾದರೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ತಿದ್ದಿದ ಅಳತೆ, ತಿದ್ದಿದ ತಾರೀಖು ಬರೆಯುತ್ತಾ ಹೋಗಬಹುದು. ಬ್ರಿಟನ್ನಿನಲ್ಲಿ ನೋಂದಣಿಗೆ ಹೋದಾಗ ನೀವೇ ಕಟ್ಟಿದ್ದು ಎಂಬುದಕ್ಕೆ ಫೋಟೋ, ರಸೀದಿಗಳ ಜೊತೆ ಆ ಪುಟಗಳನ್ನೂ ಇಟ್ಟುಕೊಂಡು ಹೋಗಿ.